ಡೆಕ್ ಮೇಲೆ ನಿಲ್ಲುವ ಮೊದಲು ಅದರ ಕೆಳಗೆ ನಿಂತು ನೋಡಿ

ಹೋದ ವರ್ಷ ಮೇ ಕೊನೆಯ ವಾರ. ಧಾರವಾಡದಿಂದ ಹಳಿಯಾಳ ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಸಿಗುವ ಒಂದು ತೋಟದ ಮನೆ. ಮನೆಯ ಹಿಂದೆ, ನೆಲದಿಂದ ಎಂಟು ಅಡಿ ಎತ್ತರದಲ್ಲಿ ಮರದ ಡೆಕ್, ಅಂದರೆ ಗೋಡೆಗೆ ಅಂಟಿ ಕಂಬದ ಮೇಲೆ ನಿಂತ ಬಯಲು ಅಟ್ಟ. ಅದೇ ತಾನೇ ಪಾಲಿಶ್ ಹೊಡೆಸಿದ್ದರು, ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಇನ್ನು ಎಂಟು ದಿನಕ್ಕೆ ಅದರ ಮೇಲೆ ಸೊಸೆಯ ಕುಬಸ. ಮನೆಯ ಹಿರಿಯರು ನಮ್ಮಪ್ಪನ ಹಳೇ ಗೆಳೆಯರು, ನಮಗೆಲ್ಲ ಕಾಕಾ. "ಸುಮ್ನ ಒಮ್ಮೆ ನೋಡಿ ಹೋಗವಾ, ಮಂದಿ ಭಾಳ ಬರ್ತಾರ" ಅಂತ ಫೋನ್ ಮಾಡಿದ್ದರು. ನಾನು ಹೋದ ಕೂಡಲೇ ಹಲಗೆ ತೋರಿಸಲು ಮೇಲೆ ಹತ್ತಿದರು. ನಾನು ಕೆಳಗೆ ಹೋದೆ.

ಕೆಳಗೆ, ಡೆಕ್ ಮನೆಯ ಗೋಡೆಗೆ ಕೂಡುವ ಜಾಗಕ್ಕೆ ಟಾರ್ಚ್ ಬಿಟ್ಟು ಸ್ಕ್ರೂಡ್ರೈವರ್ ಒತ್ತಿದೆ. ಒತ್ತುವ ಕೆಲಸವೇ ಬೀಳಲಿಲ್ಲ. ಹಣ್ಣಾದ ಸೀತಾಫಲಕ್ಕೆ ಬೆರಳು ಹಾಕಿದ ಹಾಗೆ ಹಿಡಿಕೆಯ ತನಕ ಒಳಗೆ ಹೋಯಿತು. ಹೊರಗೆ ಎಳೆದರೆ ತುದಿಗೆ ಕಂದು ಬಣ್ಣದ ಹಸಿ ಹುಡಿ, ಥೇಟ್ ನಶ್ಯದ ಹಾಗೆ.

"ಕಾಕಾ, ಮೊದಲ ನೀವು ಕೆಳಗ ಇಳೀರಿ" ಅಂದೆ.

ಕುಬಸ ಅಂಗಳದಲ್ಲಿ ಶಾಮಿಯಾನ ಹಾಕಿ ಆಯಿತು. ಕಾಕಾಗೆ ನನ್ನ ಮೇಲೆ ಎರಡು ದಿನ ಸಿಟ್ಟೂ ಇತ್ತು. ಇರಲಿ.

ನಾನು ಬಡಿಗೇರ ಮನೆಯ ಮಗಳು. ಅಪ್ಪನ ಅಂಗಡಿಯಲ್ಲಿ ಗರಗಸದ ಹುಡಿಯ ಮೇಲೆ ಆಡಿ ಬೆಳೆದೆ. ಆಮೇಲೆ ಸಿವಿಲ್ ಡಿಪ್ಲೊಮಾ ಮಾಡಿ ಸೈಟ್ ಕೆಲಸಕ್ಕೆ ಇಳಿದೆ. ಈಗ ಐದಾರು ವರ್ಷಗಳಿಂದ ತೋಟದ ಮನೆ, ಹೋಮ್‌ಸ್ಟೇ, ಟೆರೇಸು ಎಂದು ಎಲ್ಲ ಕಡೆ ಮರದ ಡೆಕ್ ಕಟ್ಟಿಸುವ ಹುಕಿ ಬಂದಿದೆ. ಕಟ್ಟಿಸುವಾಗ ಹತ್ತು ಸಲ ಫೋನ್ ಮಾಡುತ್ತಾರೆ. ಕಟ್ಟಿದ ಮೇಲೆ ಯಾರೂ ಅದರ ಕೆಳಗೆ ಬಗ್ಗಿ ನೋಡುವುದಿಲ್ಲ. ಹಾಗೆ ನೋಡಲು ಎಂಜಿನಿಯರೇ ಬೇಕೆಂದಿಲ್ಲ. ಅರ್ಧ ದಿನದ ಕೆಲಸ, ನೀವೇ ಮಾಡಬಹುದು.

ಹಳೇ ಮಾಳಿಗೆ ಮನೆ ನೋಡಿದವರಿಗೆ ಡೆಕ್ ಹೊಸದೇನಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ. ಅಷ್ಟೇ. ಆದರೆ ಮಾಳಿಗೆ ಮನೆಯ ಮರದ ಮೇಲೆ ಮಳೆ ಬೀಳುವುದಿಲ್ಲ, ಡೆಕ್ಕಿನ ಮರ ವರ್ಷಪೂರ್ತಿ ಬಯಲಲ್ಲೇ ಇರುತ್ತದೆ. ಮತ್ತೆ, ಮಾಳಿಗೆಯ ಜಂತಿ ಗೋಡೆಯ ಒಳಗೆ ಹೊಕ್ಕು ಕೂತಿರುತ್ತದೆ. ಡೆಕ್ಕಿನದು ಗೋಡೆಗೆ ಬರೀ ಜೋತು ಬಿದ್ದಿರುತ್ತದೆ.

ವರ್ಷಕ್ಕೆ ಎರಡು ಸಲ ನೋಡಬೇಕು. ಮೃಗಶಿರ ಮಳೆ ಹಿಡಿಯುವ ಮೊದಲು ಒಮ್ಮೆ, ದೀಪಾವಳಿ ಮುಗಿದ ಮೇಲೆ ಒಮ್ಮೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿರುತ್ತದೆ, ಆಗ ಸಡಿಲಾದ ಬೋಲ್ಟು, ಬಿರುಕು, ಸಂದು ಚೆನ್ನಾಗಿ ಕಾಣುತ್ತವೆ. ಮಳೆಗಾಲ ಮುಗಿದಾಗ ಮರ ನೀರು ಕುಡಿದಿರುತ್ತದೆ, ಆಗ ಕೊಳೆತ ಜಾಗ ಕೈಗೆ ಮೆತ್ತಗೆ ಸಿಗುತ್ತದೆ. ಒಂದೇ ಸಲ ಆಗುವುದು ಅನ್ನುವವರು ದೀಪಾವಳಿ ನಂತರದ್ದನ್ನು ಬಿಡಬೇಡಿ.

ಸಾಮಾನು ಜಾಸ್ತಿ ಬೇಡ. ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಟಾರ್ಚ್, ಟೇಪು, ದಾರ, ಪಾನಾ, ಹಳೇ ಹ್ಯಾಕ್ಸಾ ಬ್ಲೇಡ್, ಪೆನ್ಸಿಲ್, ಒಂದು ಬಕೆಟ್ ನೀರು. ತೇವ ಅಳೆಯುವ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಇದ್ದರೆ ಒಳ್ಳೆಯದು. ಮರದ ತೇವ 20 ಪರ್ಸೆಂಟಿಗಿಂತ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ಅದಕ್ಕಿಂತ ಮೇಲೆ ಬಹಳ ದಿನ ನಿಂತರೆ ಕೊಳೆ ಶುರು ಆಯಿತು ಅಂತಲೇ ಲೆಕ್ಕ. ಮೀಟರ್ ಇಲ್ಲದಿದ್ದರೂ ಸ್ಕ್ರೂಡ್ರೈವರ್ ಸುಳ್ಳು ಹೇಳುವುದಿಲ್ಲ.

ಈಗ ಗೋಡೆಯ ಹತ್ತಿರ ಬನ್ನಿ. ಇಡೀ ತಪಾಸಣೆಯಲ್ಲಿ ಅರ್ಧ ಹೊತ್ತು ಇಲ್ಲೇ ಕಳೆಯಿರಿ.

ಡೆಕ್ಕಿನ ಒಂದು ಬದಿಗೆ ಕಂಬ ಇರುತ್ತವೆ. ಇನ್ನೊಂದು ಬದಿಯನ್ನು ಗೋಡೆಗೆ ಜಡಿದ ಒಂದು ಉದ್ದನೆಯ ದಪ್ಪ ಪಟ್ಟಿ ಹೊತ್ತಿರುತ್ತದೆ. ಪುಸ್ತಕದಲ್ಲಿ ಅದು ಲೆಡ್ಜರ್. ನಮ್ಮ ಹುಡುಗರು ಗೋಡೆಪಟ್ಟಿ ಅನ್ನುತ್ತಾರೆ. ಮರದ ಡೆಕ್ ಮನೆ ಮನೆಗೂ ಇರುವ ಅಮೆರಿಕದಲ್ಲಿ ಡೆಕ್ ಬಿದ್ದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ ಪಟ್ಟಿ ಗೋಡೆ ಬಿಟ್ಟು ಬಂದದ್ದು. ಹಲಗೆ ಮುರಿದರೆ ಒಬ್ಬರ ಕಾಲು ಸಿಕ್ಕಿಕೊಳ್ಳುತ್ತದೆ. ಗೋಡೆಪಟ್ಟಿ ಬಿಟ್ಟರೆ ಮೇಲಿದ್ದವರೆಲ್ಲ ಒಟ್ಟಿಗೆ ಕೆಳಗೆ. ಅದೂ ಒಂದೇ ಏಟಿಗೆ, ಕಿರ್ ಅನ್ನುವ ಮುನ್ಸೂಚನೆಯನ್ನೂ ಕೊಡದೆ.

ಮೊದಲು ಪಟ್ಟಿಯನ್ನು ಯಾವುದರಿಂದ ಹಿಡಿಸಿದ್ದಾರೆ ನೋಡಿ. ಬರೀ ಮೊಳೆ ಇದ್ದರೆ ಮುಂದಿನ ತಪಾಸಣೆ ಆಮೇಲೆ, ಮೊದಲು ಡೆಕ್ಕಿಗೆ ಹಗ್ಗ ಕಟ್ಟಿ ಯಾರೂ ಹತ್ತದ ಹಾಗೆ ಮಾಡಿ. ಮೊಳೆ ಅಡ್ಡಡ್ಡ ಬಂದ ಭಾರ ತಡೆಯುತ್ತದೆ, ನೇರ ಎಳೆದರೆ ಜಾರಿ ಬರುತ್ತದೆ. ಮೇಲೆ ಮಂದಿ ಓಡಾಡಿದಾಗ, ಹುಡುಗರು ಕುಣಿದಾಗ ಡೆಕ್ ಹೊರಕ್ಕೆ ಜಗ್ಗುತ್ತದೆ. ಪ್ರತಿ ಸಲವೂ ಮೊಳೆ ಒಂದು ಕೂದಲಷ್ಟು ಹೊರಗೆ. ವರ್ಷಗಟ್ಟಲೆ ಹೀಗೇ ನಡೆದು ಒಂದು ದಿನ ಮುಗಿಯುತ್ತದೆ. ಪಟ್ಟಿಗೆ ಬೇಕಾದದ್ದು ಬೋಲ್ಟು, ಅರ್ಧ ಇಂಚು ದಪ್ಪದ್ದು, ಪ್ರತಿಯೊಂದಕ್ಕೂ ವಾಷರ್. ಒಂದೇ ಗೆರೆಯಲ್ಲಲ್ಲ, ಒಂದು ಮೇಲೆ ಒಂದು ಕೆಳಗೆ. ಒಂದೇ ಗೆರೆಗೆ ಹಾಕಿದರೆ ಮರ ಆ ಗೆರೆಯಗುಂಟ ಸೀಳುತ್ತದೆ.

ಬೋಲ್ಟು ಇದ್ದ ಮಾತ್ರಕ್ಕೆ ಸಮಾಧಾನ ಪಡಬೇಡಿ. ಅಮೆರಿಕದ ಮನೆಗಳು ಹೆಚ್ಚಿನವು ಮರದ ಚೌಕಟ್ಟಿನವು, ಅಲ್ಲಿ ಬೋಲ್ಟು ಮರದಿಂದ ಮರಕ್ಕೆ ಹೋಗುತ್ತದೆ. ನಮ್ಮ ಗೋಡೆ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕು. ಹಳೇ ಮನೆಯಾದರೆ ಕಲ್ಲು ಮಣ್ಣಿನದ್ದು. ಟೊಳ್ಳು ಬ್ಲಾಕಿಗೆ ಹೊಡೆದ ಆಂಕರ್ (ಗೋಡೆಯ ತೂತಿನೊಳಗೆ ಬೋಲ್ಟನ್ನು ಕಚ್ಚಿ ಹಿಡಿಯುವ ಭಾಗ) ಏನನ್ನೂ ಹಿಡಿಯುವುದಿಲ್ಲ, ಬ್ಲಾಕಿನ ತೆಳು ಗೋಡೆ ಒಡೆದು ಬರುತ್ತದೆ. ಪ್ಲಾಸ್ಟರಿಗಂತೂ ಒಂದು ಪೈಸೆಯ ಬಲವಿಲ್ಲ. ಹಾಗಾದರೆ ನಮ್ಮಲ್ಲಿ ಬೋಲ್ಟು ಎಲ್ಲಿ ಕೂರಬೇಕು? ಕಾಂಕ್ರೀಟ್ ಬೀಮಿಗೆ ಅಥವಾ ಸ್ಲ್ಯಾಬಿನ ಅಂಚಿಗೆ. ನಿಮ್ಮ ಬೋಲ್ಟು ಎಲ್ಲಿ ಹೋಗಿದೆ ಎಂದು ತಿಳಿಯಲು ಅದರ ಸುತ್ತ ಸುತ್ತಿಗೆಯಿಂದ ಮೆತ್ತಗೆ ತಟ್ಟಿ. ಕಾಂಕ್ರೀಟ್ ಇದ್ದಲ್ಲಿ ಗಟ್ಟಿ ಸದ್ದು, ಟೊಳ್ಳು ಬ್ಲಾಕ್ ಇದ್ದಲ್ಲಿ ಡೊಬ್ ಡೊಬ್. ಕಟ್ಟುವಾಗಿನ ಫೋಟೋ ಮೊಬೈಲಿನಲ್ಲಿ ಇದ್ದರೆ ಹುಡುಕಿ, ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಆಮೇಲೆ ಹ್ಯಾಕ್ಸಾ ಬ್ಲೇಡ್ ತೆಗೆದುಕೊಂಡು ಪಟ್ಟಿಗೂ ಗೋಡೆಗೂ ನಡುವೆ ತೂರಿಸುತ್ತಾ ಈ ತುದಿಯಿಂದ ಆ ತುದಿಗೆ ಹೋಗಿ. ನೀರು ಇಳಿದು ಒಣಗಲಿ ಅಂತ ಬೇಕೆಂದೇ ಸಂದು ಬಿಟ್ಟಿದ್ದರೆ ಅದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಒಂದು ತುದಿಯಲ್ಲಿ ಬ್ಲೇಡ್ ಹೋಗುವುದಿಲ್ಲ, ಇನ್ನೊಂದು ತುದಿಯಲ್ಲಿ ಬೆರಳೇ ಹೋಗುತ್ತದೆ ಅಂದರೆ ಪಟ್ಟಿ ಬಿಡಲು ಶುರು ಮಾಡಿದೆ. ಅನುಮಾನ ಇದ್ದರೆ ಗೋಡೆಯ ಮೇಲೂ ಪಟ್ಟಿಯ ಮೇಲೂ ಕೂಡುವ ಹಾಗೆ ಒಂದು ಪೆನ್ಸಿಲ್ ಗೆರೆ ಎಳೆದು ಬಿಡಿ. ಮುಂದಿನ ಸಲ ಗೆರೆ ತುಂಡಾಗಿದ್ದರೆ ಗೊತ್ತಾಯಿತಲ್ಲ.

ಪಾನಾ ಹಾಕಿ ಒಂದೆರಡು ಬೋಲ್ಟು ತಿರುಗಿಸಿ ನೋಡಿ. ಚೂರು ಬಿಗಿಯಾಗಿ ನಿಂತರೆ ಸರಿ. ಬಿಗಿಯೇ ಆಗದೆ ಸುತ್ತುತ್ತಲೇ ಇದ್ದರೆ ಒಳಗಿನ ಆಂಕರ್ ಬಿಟ್ಟಿದೆ. ಬಿಗಿ ಮಾಡಿದಷ್ಟೂ ವಾಷರ್ ಮರದೊಳಗೆ ಇಳಿಯುತ್ತಾ ಹೋದರೆ ಮರ ಸತ್ತಿದೆ. ಬೋಲ್ಟಿನ ಕೆಳಗೆ ಕಣ್ಣೀರು ಇಳಿದ ಹಾಗೆ ಕಂದು ಗೆರೆ ಕಂಡರೆ ತುಕ್ಕು, ನೀರು ಅಲ್ಲಿಗೆ ಬರುತ್ತಿದೆ ಅಂತ ಅರ್ಥ. ಈಗ ಔಷಧಿ ಕುಡಿಸಿದ ಪೈನ್ ಮರ ಬರುತ್ತದಲ್ಲ, ತಿಳಿ ಹಸಿರು ಛಾಯೆಯದ್ದು, ಅದರಲ್ಲಿ ತಾಮ್ರದ ಅಂಶ ಇರುತ್ತದೆ. ಸಾದಾ ಕಬ್ಬಿಣದ ಬೋಲ್ಟು ಅದರಲ್ಲಿ ಬೇಗ ತಿಂದು ಹೋಗುತ್ತದೆ. ಅದಕ್ಕೆ ದಪ್ಪ ಜಿಐ, ಅಂದರೆ ಸತುವಿನ ಲೇಪದ್ದು ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು.

ಈಗ ಬಕೆಟ್ ನೀರು. ಮೇಲೆ ನಿಂತು ಒಬ್ಬರು ಗೋಡೆಯ ಬುಡಕ್ಕೆ ನೀರು ಸುರಿಯಲಿ. ನೀವು ಕೆಳಗೆ ಟಾರ್ಚ್ ಹಿಡಿದು ನಿಲ್ಲಿ. ಈ ಪರೀಕ್ಷೆ ನನಗೆ ಅಪ್ಪ ಕಲಿಸಿದ್ದು, ಯಾವ ಡಿಪ್ಲೊಮಾದಲ್ಲೂ ಇರಲಿಲ್ಲ. ಪಟ್ಟಿಯ ಮೇಲೆ ಜಿಐ ತಗಡು ಬಗ್ಗಿಸಿ ಹಾಕಿರಬೇಕು. ಅದರ ಮೇಲಿನ ಅಂಚು ಪ್ಲಾಸ್ಟರಿನ ಒಳಗೆ ಹೊಕ್ಕಿರಬೇಕು, ಕೆಳಗಿನ ಅಂಚು ಪಟ್ಟಿಯ ಮುಂದೆ ಇಳಿದಿರಬೇಕು. ಹಾಗಿದ್ದರೆ ನೀರು ಪಟ್ಟಿಯ ಮುಂದಿನಿಂದ ತೊಟ್ಟಿಕ್ಕುತ್ತದೆ. ಪಟ್ಟಿಯ ಹಿಂದಿನಿಂದ ಗೋಡೆಗುಂಟ ಇಳಿದರೆ ತಗಡು ಇಲ್ಲ ಅಥವಾ ಇದ್ದೂ ಕೆಲಸಕ್ಕೆ ಬಾರದು. ಕಾಕಾ ಅವರ ಡೆಕ್ಕಿನಲ್ಲಿ ತಗಡೂ ಇರಲಿಲ್ಲ, ಸಂದೂ ಇರಲಿಲ್ಲ. ಪಟ್ಟಿಯನ್ನು ಗೋಡೆಗೆ ಒತ್ತಿ ಜಡಿದು ಮೇಲೆ ಸಿಮೆಂಟ್ ಮೆತ್ತಿದ್ದರು. ಸಿಮೆಂಟ್ ಬಿರುಕು ಬಿಟ್ಟಿತು, ನೀರು ಒಳಗೆ ಇಳಿಯಿತು, ಹೊರಗೆ ಬರುವ ದಾರಿ ಇರಲಿಲ್ಲ. ನಾಲ್ಕು ಮಳೆಗಾಲ ಸಾಕಾಯಿತು.

ಕೊನೆಗೆ ಸ್ಕ್ರೂಡ್ರೈವರ್. ಎಲ್ಲೆಂದರಲ್ಲಿ ಚುಚ್ಚಬೇಡಿ. ಪಟ್ಟಿಯ ಕೆಳ ಅಂಚು, ಬೋಲ್ಟಿನ ಸುತ್ತ, ಮರ ಕೊಯ್ದ ತುದಿ. ನೀರು ನಿಲ್ಲುವುದು ಈ ಜಾಗಗಳಲ್ಲೇ. ಕಾಲು ಇಂಚಿಗಿಂತ ಆಳಕ್ಕೆ ಸಲೀಸಾಗಿ ಹೋದರೆ ಕೆಟ್ಟಿದೆ. ಗೊತ್ತಾಗದಿದ್ದರೆ ಇನ್ನೊಂದು ಉಪಾಯ. ಸ್ಕ್ರೂಡ್ರೈವರಿನ ತುದಿಯನ್ನು ಮರದ ಎಳೆಗಳ ಗುಂಟ ಓರೆಯಾಗಿ ಚುಚ್ಚಿ ಒಂದು ಚೂರು ಮೇಲಕ್ಕೆ ಎತ್ತಿ. ಜೀವ ಇರುವ ಮರ ಉದ್ದನೆಯ ಸಿಬಿರಾಗಿ ಏಳುತ್ತದೆ, ಚಟ್ ಅಂತ ಸದ್ದು ಮಾಡುತ್ತದೆ, ಸಿಬಿರಿನ ಒಂದು ತುದಿ ಮರಕ್ಕೇ ಅಂಟಿಕೊಂಡಿರುತ್ತದೆ. ಕೊಳೆತ ಮರ ಸದ್ದಿಲ್ಲದೆ ಅಡ್ಡಕ್ಕೆ ಮುರಿಯುತ್ತದೆ. ಒಣ ರೊಟ್ಟಿ ಮುರಿದ ಹಾಗೆ ತುಂಡು ತುಂಡು. ನಾಲ್ಕು ಕಡೆ ಮಾಡಿ ನೋಡಿದರೆ ಕೈಗೆ ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

"ಇದು ದಾಂಡೇಲಿ ಸಾಗವಾನಿ ರೀ, ಇದಕ್ಕೇನಾಗ್ತದ" ಅಂತ ಹೇಳದ ಮಾಲೀಕರನ್ನು ನಾನು ಇನ್ನೂ ನೋಡಿಲ್ಲ. ಸಾಗವಾನಿಯ ಕೆಚ್ಚು ನಿಜಕ್ಕೂ ಗಟ್ಟಿ, ಹುಳವೂ ಅಷ್ಟು ಬೇಗ ಮುಟ್ಟುವುದಿಲ್ಲ. ಆದರೆ ಕೆಚ್ಚಿನ ಸುತ್ತಲಿನ ಬಿಳಿ ಮರಕ್ಕೆ ಆ ಗುಣ ಇಲ್ಲ. ಎಳೇ ಮರ ಕೊಯ್ದು ತಂದ ಜಂತಿಯಲ್ಲಿ ಬಿಳಿಯೇ ಜಾಸ್ತಿ. ಮೇಲೆ ಬಣ್ಣ ಬಳಿದರೆ ಯಾವುದು ಕೆಚ್ಚು ಯಾವುದು ಬಿಳಿ ಅಂತ ದೇವರಿಗೇ ಗೊತ್ತು.

ಬಣ್ಣದ ಮಾತು ಬಂತಲ್ಲ, ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಇಳಿದ ಹೊಸದರಲ್ಲಿ ಹುಬ್ಬಳ್ಳಿಯ ಒಂದು ಮನೆಯ ಹೊರಗಿನ ಮರದ ಮೆಟ್ಟಿಲು ನೋಡಲು ಹೋಗಿದ್ದೆ. ಹೊಸ ಆಯಿಲ್ ಪೇಂಟ್, ಅಂದವಾಗಿ ಇತ್ತು. ಚುಚ್ಚಿದರೆ ಪೇಂಟ್ ಕೆಡುತ್ತದೆ ಅಂತ ಮನೆಯವರು ಮುಖ ಸಣ್ಣ ಮಾಡಿದರು. ನಾನೂ ಸುಮ್ಮನಾದೆ. ಮಳೆಗಾಲದ ನಡುವೆ ಫೋನ್ ಬಂತು. ಸಿಲಿಂಡರ್ ಹೊತ್ತು ಹತ್ತುತ್ತಿದ್ದ ಹುಡುಗನ ಕಾಲಡಿಯ ಮೆಟ್ಟಿಲು ಮುರಿದಿತ್ತು. ಹುಡುಗನ ಪಾದ ಉಳುಕಿತು, ಸಿಲಿಂಡರ್ ಕೆಳಗೆ ಉರುಳಿತು. ಹೋಗಿ ನೋಡಿದರೆ ಪೇಂಟಿನ ಕೆಳಗೆ ಬರೀ ಪುಟ್ಟಿ, ಮರವೇ ಇರಲಿಲ್ಲ. ಅವತ್ತಿನಿಂದ ಯಾರು ಮುಖ ಸಣ್ಣ ಮಾಡಿದರೂ ಚುಚ್ಚುತ್ತೇನೆ. ತಪಾಸಣೆಗೆ ಕರೆಯುವ ಮೊದಲು ಬಣ್ಣ ಹೊಡೆಸಿದ್ದರೆ ಎರಡು ಸಲ ಚುಚ್ಚುತ್ತೇನೆ.

2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಬಾಲ್ಕನಿ ಕಳಚಿ ಬಿದ್ದು 6 ಜನ ಸತ್ತರು. ಹೆಚ್ಚಿನವರು ಐರ್ಲೆಂಡಿನಿಂದ ಬಂದಿದ್ದ ವಿದ್ಯಾರ್ಥಿಗಳು, ಹುಟ್ಟುಹಬ್ಬಕ್ಕೆ ಸೇರಿದ್ದರು. ಮೇಲಿನಿಂದ ಬಾಲ್ಕನಿ ಚೆನ್ನಾಗೇ ಇತ್ತು. ಒಳಗಿನ ಜಂತಿಗಳು ನೀರು ಕುಡಿದು ಕೊಳೆತಿದ್ದವು. ಆ ಕಟ್ಟಡಕ್ಕೆ ಆಗ ಹತ್ತು ವರ್ಷವೂ ಆಗಿರಲಿಲ್ಲ. ಇದಾದ ಮೇಲೆ 2018ರಲ್ಲಿ ಅಲ್ಲಿನ ರಾಜ್ಯ ಕಾನೂನು ಮಾಡಿತು. ಮೂರು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳಲ್ಲಿ ಮರದ ಆಧಾರದ ಮೇಲೆ ನಿಂತ ಬಾಲ್ಕನಿ, ಡೆಕ್, ಹೊರ ಮೆಟ್ಟಿಲುಗಳನ್ನು ಆರು ವರ್ಷಕ್ಕೊಮ್ಮೆ ತಜ್ಞರಿಂದ ನೋಡಿಸಲೇಬೇಕು. ನಮ್ಮ ತೋಟದ ಮನೆಗೆ ಅಂಥ ಕಾನೂನು ಹುಡುಕಿಕೊಂಡು ಯಾರೂ ಬರುವುದಿಲ್ಲ. ನಾವೇ ಬಗ್ಗಬೇಕು.

ಗೋಡೆ ನಂಬುವ ಹಾಗಿಲ್ಲ ಅನ್ನಿಸಿದರೆ ನನ್ನ ಸಲಹೆ ಒಂದೇ. ಗೋಡೆಯ ಸಹವಾಸವೇ ಬೇಡ. ಗೋಡೆಯಿಂದ ಒಂದು ಗೇಣು ಬಿಟ್ಟು ಆ ಬದಿಗೂ ಕಂಬ ಕೊಟ್ಟು, ಡೆಕ್ ತನ್ನ ಕಾಲ ಮೇಲೆ ತಾನೇ ನಿಲ್ಲಲಿ. ನಾಲ್ಕು ಕಂಬದ ಖರ್ಚು ಜಾಸ್ತಿ. ಆದರೆ ನೀರು ಗೋಡೆಯ ಸಂದಿಗೆ ಹೋಗುವ ತಲೆನೋವೇ ಇಲ್ಲ. ಹೀಗೆ ಸ್ವಂತ ಕಾಲ ಮೇಲೆ ನಿಂತ ಡೆಕ್ಕಿಗೆ ಕಂಬದಿಂದ ತೊಲೆಗೆ ಓರೆ ಕೋಲು ಕೊಡಲೇಬೇಕು, ಇಲ್ಲದಿದ್ದರೆ ತೊಟ್ಟಿಲ ಹಾಗೆ ತೂಗುತ್ತದೆ. ಕಲಘಟಗಿ ತೊಟ್ಟಿಲು ತೂಗಿದರೆ ಚಂದ, ಡೆಕ್ ತೂಗಿದರೆ ಅಲ್ಲ. ಇಬ್ಬರು ಮೇಲೆ ನಿಂತು ಎಡಕ್ಕೆ ಬಲಕ್ಕೆ ಮೈ ಆಡಿಸಿ ನೋಡಿ. ಕೆಳಗಿನವರ ಕಣ್ಣಿಗೆ ಕಂಬ ವಾಲುವುದು ಕಂಡರೆ ಓರೆ ಕೋಲು ಸಾಲದು.

ಕಂಬದ ಬುಡಕ್ಕೆ ಬರೋಣ. ನಮ್ಮ ಹಿರಿಯರು ಪಡಸಾಲೆಯ ಕಂಬವನ್ನು ಎಂದಾದರೂ ಮಣ್ಣಿನಲ್ಲಿ ಹೂತಿದ್ದು ನೋಡಿದ್ದೀರಾ? ಕೆಳಗೆ ಒಂದು ಕಲ್ಲು, ಕಲ್ಲಿನ ಮೇಲೆ ಕಂಬ. ಸುಮ್ನೆ ಅಂದಕ್ಕೆ ಇಟ್ಟದ್ದಲ್ಲ ಅದು. ನೆಲದ ತೇವ ಮೇಲೆ ಏರಬಾರದು, ಗೆದ್ದಲು ಕದ್ದು ಹತ್ತಬಾರದು. ಈಗಿನವರು ಕಂಬವನ್ನು ಕಾಂಕ್ರೀಟಿನಲ್ಲಿ ನೆಟ್ಟು ಬಿಡುತ್ತಾರೆ. ಮರ ಕುಗ್ಗಿದಾಗ ಸುತ್ತ ಸಂದು ಆಗುತ್ತದೆ, ಮಳೆ ನೀರು ಆ ಬಟ್ಟಲಲ್ಲಿ ನಿಲ್ಲುತ್ತದೆ. ನೆಲದ ಮಟ್ಟದಲ್ಲೇ ಸುತ್ತ ಚುಚ್ಚಿ ನೋಡಿ. ಸರಿಯಾದ ದಾರಿ ಅಂದರೆ ಕಾಂಕ್ರೀಟಿನ ಮೇಲೆ ಕಬ್ಬಿಣದ ಶೂ, ಅದರ ಮೇಲೆ ಕಂಬ, ನೆಲಕ್ಕೆ ತಾಗದ ಹಾಗೆ.

ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಕೂಡಲೇ ಕೆರೆದು ಹಾಕಬೇಡಿ. ನಡುವೆ ಎರಡು ಬೆರಳಷ್ಟು ಮುರಿದು ನಾಲ್ಕು ದಿನ ಬಿಟ್ಟು ಬಂದು ನೋಡಿ. ಮುರಿದ ಜಾಗ ಮತ್ತೆ ಮಣ್ಣು ಕಟ್ಟಿದ್ದರೆ ಒಳಗೆ ಸಂಸಾರ ನಡೆದಿದೆ. ಸಣ್ಣ ಸಣ್ಣ ತೂತು, ಕೆಳಗೆ ಹೊಸ ಬಿಳಿ ಹುಡಿ ಇದ್ದರೆ ಅದು ಬೇರೆ ಹುಳ, ಮರ ಕೊರೆಯುವುದು. ಹುಡಿ ಗುಡಿಸಿ ಕೆಳಗೆ ಒಂದು ಕಾಗದ ಹಾಸಿಡಿ. ವಾರದಲ್ಲಿ ಮತ್ತೆ ಬಿದ್ದರೆ ಹುಳ ಜೀವಂತ.

ನವಲಗುಂದ, ಗದಗ ಕಡೆಯ ಎರೆ ಭೂಮಿಯವರಿಗೆ ಬೇರೆಯದೇ ತಾಪತ್ರಯ. ಅಲ್ಲಿ ಮರ ಕೊಳೆಯುವುದಕ್ಕಿಂತ ನೆಲ ಆಡುವುದು ಜಾಸ್ತಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಎರಡು ಅಡಿ ತಗ್ಗು ತೋಡಿ ನಿಲ್ಲಿಸಿದ ಕಂಬ ಅದರ ಜೊತೆಗೇ ಮೇಲೆ ಕೆಳಗೆ ಆಗುತ್ತದೆ. ಒಂದು ಕಂಬ ಎದ್ದು ಇನ್ನೊಂದು ಕೂತರೆ ತೊಲೆ ತಿರುಚಿಕೊಂಡು ಗೋಡೆಪಟ್ಟಿಯನ್ನು ಜಗ್ಗುತ್ತದೆ. ಅದಕ್ಕೆ ತೊಲೆಗುಂಟ ದಾರ ಬಿಗಿದು ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಅಳೆದು ಬರೆದಿಡಿ. ಎರಡು ಅಳತೆಗೆ ಅರ್ಧ ಇಂಚಿಗಿಂತ ಹೆಚ್ಚು ಫರಕು ಬಂದರೆ ಎಂಜಿನಿಯರಿಗೆ ತೋರಿಸಿ. ಧಾರವಾಡದ ಪಶ್ಚಿಮಕ್ಕೂ ದಕ್ಷಿಣಕ್ಕೂ, ಅಳ್ನಾವರ, ಕಲಘಟಗಿ, ಆಚೆ ಹಾನಗಲ್ ಕಡೆ ಜಿಟಿಜಿಟಿ ಮಳೆ ಬಿಡದೆ ಹಿಡಿಯುತ್ತದೆ. ಅಲ್ಲಿಯವರು ಸ್ಕ್ರೂಡ್ರೈವರ್ ಜಾಸ್ತಿ ಬಳಸಬೇಕು.

ತೊಲೆ ಕಂಬದ ನೆತ್ತಿಯ ಮೇಲೆ ಕೂತಿರಬೇಕು. ಕಂಬದ ಪಕ್ಕಕ್ಕೆ ಬರೀ ಬೋಲ್ಟು ಹಾಕಿ ತೂಗಿದ್ದರೆ ಇಡೀ ಭಾರ ಆ ಎರಡು ಬೋಲ್ಟಿನ ಮೇಲೆ. ಜಂತಿಯ ಬಾಗು ನೋಡಲು ಎರಡು ತುದಿಗೆ ದಾರ ಹಿಡಿದು ನಡುವೆ ಅಳೆಯಿರಿ. ಉದ್ದವನ್ನು 360ರಿಂದ ಭಾಗಿಸಿ ಬಂದಷ್ಟು ಬಾಗು ಸಹಜ, ಅಂದರೆ ಮೂರು ಮೀಟರ್ ಜಂತಿಗೆ ಸುಮಾರು 8 ಮಿಲಿಮೀಟರ್. ಹಳೇ ಮರ ಸ್ವಲ್ಪ ಜಾಸ್ತಿ ಬಾಗಿರುತ್ತದೆ, ಅದಕ್ಕೆ ಹೆದರಬೇಡಿ. ಹೋದ ವರ್ಷಕ್ಕಿಂತ ಈ ವರ್ಷ ಜಾಸ್ತಿ ಆಗಿದೆಯೋ ಅದನ್ನು ನೋಡಿ. ಪ್ಲಂಬರ್ ಪೈಪ್ ಎಳೆಯಲು ಜಂತಿಯ ಕೆಳ ಅಂಚಿನಲ್ಲಿ ಕಚ್ಚು ಹಾಕಿದ್ದರೆ ಮಾತ್ರ ಬೈಯಲೇಬೇಕು. ಜಂತಿಯ ಬಲವೆಲ್ಲ ನಡುಭಾಗದ ಕೆಳ ಅಂಚಿನಲ್ಲೇ ಇರುವುದು.

ಹಲಗೆಯ ಬಗ್ಗೆ ಬರೆಯುವುದು ಕಮ್ಮಿ. ಮೊಳೆ ತಲೆ ಎದ್ದಿದ್ದರೆ ತೆಗೆದು ಸ್ಕ್ರೂ ಹಾಕಿ. ಹೂಕುಂಡ ಎತ್ತಿ ಕೆಳಗೆ ಕಪ್ಪು ಉಂಗುರ ಇದೆಯಾ ನೋಡಿ.

ರೇಲಿಂಗ್ ಹಾಗೆ ಬಿಡುವ ಹಾಗಿಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬಾಲ್ಕನಿಯ ರೇಲಿಂಗ್ ಕನಿಷ್ಠ 1 ಮೀಟರ್ ಎತ್ತರ ಇರಬೇಕು. ಅಮೆರಿಕದ ನಿಯಮದಲ್ಲಿ ಕೋಲುಗಳ ನಡುವೆ 4 ಇಂಚಿನ ಚೆಂಡು ತೂರಬಾರದು, ಮೇಲಿನ ಅಂಚಿಗೆ 200 ಪೌಂಡ್, ಅಂದರೆ ಸುಮಾರು 90 ಕೆಜಿ ಬಲ ಬಿದ್ದರೂ ತಡೆಯಬೇಕು. ಕೂಸು ಇರುವ ಮನೆಯವರು ಆ 4 ಇಂಚನ್ನು ಗಟ್ಟಿಯಾಗಿ ಹಿಡಿಯಿರಿ. ಪರೀಕ್ಷೆ ಮಾಡುವಾಗ ಮೈ ಒರಗಿಸಬೇಡಿ. ಒಳಗೆ ಗಟ್ಟಿ ಕಾಲೂರಿ, ಎರಡೂ ಕೈಯಿಂದ ಹಿಡಿದು ನಿಮ್ಮ ಕಡೆಗೆ ಜಗ್ಗಿ, ಆಮೇಲೆ ಹೊರಕ್ಕೆ ತಳ್ಳಿ. ಅಲುಗಾಡಿದರೆ ತಪ್ಪು ಸಾಮಾನ್ಯವಾಗಿ ಮೇಲೆ ಇರುವುದಿಲ್ಲ, ರೇಲಿಂಗಿನ ಕಾಲು ಜಂತಿಗೆ ಕೂಡುವಲ್ಲಿ ಇರುತ್ತದೆ. ಅಲ್ಲಿ ಮೊಳೆ ಇದ್ದರೆ ತೆಗೆಸಿ ಆರಪಾರ ಬೋಲ್ಟು ಹಾಕಿಸಿ. ಮೆಟ್ಟಿಲಿಗೆ ಒಂದೇ ಮಾತು. ಎಲ್ಲ ಮೆಟ್ಟಿಲ ಎತ್ತರ ಸಮ ಇರಲಿ. ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆ ಆದರೂ ಕತ್ತಲಲ್ಲಿ ಕಾಲು ಎಡವುತ್ತದೆ.

ಭಾರದ ಲೆಕ್ಕ ಕಾಕಾ ಅವರ ಡೆಕ್ಕಿನದ್ದೇ ಹಾಕೋಣ. 10 ಅಡಿಗೆ 14 ಅಡಿ, ಅಂದರೆ ಸುಮಾರು 13 ಚದರ ಮೀಟರ್. ಮನೆಯ ಡೆಕ್ಕಿಗೆ ಅಮೆರಿಕದ ಸಾಮಾನ್ಯ ಲೆಕ್ಕ ಚದರ ಅಡಿಗೆ 40 ಪೌಂಡ್. ಅದರ ಪ್ರಕಾರ ಎರಡೂವರೆ ಟನ್. ಕಟ್ಟಡದ ಭಾರದ ಲೆಕ್ಕಕ್ಕೆ ಇರುವ ನಮ್ಮ ದೇಶದ ಮಾನಕ ಐಎಸ್ 875ರ ಎರಡನೇ ಭಾಗ ಮನೆಯ ಬಾಲ್ಕನಿಗೆ ಚದರ ಮೀಟರಿಗೆ 3 ಕಿಲೋನ್ಯೂಟನ್ ಅನ್ನುತ್ತದೆ, ಸುಮಾರು 300 ಕೆಜಿ. ಆ ಲೆಕ್ಕಕ್ಕೆ ನಾಲ್ಕು ಟನ್ನಿಗೆ ಹತ್ತಿರ. ಕುಬಸಕ್ಕೆ ಕರೆದವರು 60 ಜನ, ತಲೆಗೆ 60 ಕೆಜಿ ಹಿಡಿದರೂ 3.6 ಟನ್. ಡೆಕ್ ಹೊಚ್ಚ ಹೊಸದಾಗಿದ್ದು, ನಮ್ಮ ಲೆಕ್ಕಕ್ಕೇ ಸರಿಯಾಗಿ ಕಟ್ಟಿದ್ದರೂ ಅಂಚಿಗೆ ಬಂದು ನಿಂತ ಹಾಗೆ. ಮೇಲಾಗಿ ಕಾರ್ಯಕ್ರಮದಲ್ಲಿ ಮಂದಿ ಸಮನಾಗಿ ಹರಡಿ ನಿಲ್ಲುತ್ತಾರಾ? ಫೋಟೋ ಅಂದರೆ ಸಾಕು, ಎಲ್ಲರೂ ಒಂದೇ ಮೂಲೆಗೆ. 2003ರ ಜೂನ್‌ನಲ್ಲಿ ಶಿಕಾಗೊದಲ್ಲಿ ಪಾರ್ಟಿಯ ಮಂದಿ ಕಿಕ್ಕಿರಿದ ಮರದ ಪೋರ್ಚ್ ಕುಸಿದು 13 ಜನ ಸತ್ತಿದ್ದರು. 500 ಲೀಟರಿನ ನೀರಿನ ಟ್ಯಾಂಕ್ ಇಡಲು ಡೆಕ್ ಒಳ್ಳೇ ಜಾಗ ಅಂದುಕೊಂಡವರೂ ಇದ್ದಾರೆ. ಅದು ಒಂದೇ ಜಾಗದಲ್ಲಿ ಅರ್ಧ ಟನ್, ಹಗಲೂ ರಾತ್ರಿ. ಬೇಡ.

ಡೆಕ್ ಇಲ್ಲ, ಅಜ್ಜನ ಕಾಲದ ಮಾಳಿಗೆ ಮನೆ ಇದೆ ಅನ್ನುವವರು ಇದೇ ಕ್ರಮದಲ್ಲಿ ನೋಡಬಹುದು. ನಿಮಗೆ ಗೋಡೆಪಟ್ಟಿಯ ಬದಲು ಜಂತಿಯ ತುದಿ. ಗೋಡೆಯೊಳಗೆ ಹೊಕ್ಕ ಆ ಒಂದು ಮೊಳ ಕಣ್ಣಿಗೆ ಕಾಣುವುದಿಲ್ಲ, ಕೆಡುವುದು ಮೊದಲು ಅದೇ. ಜಂತಿ ಗೋಡೆ ಹೊಗುವಲ್ಲಿ ಸುಣ್ಣದ ಮೇಲೆ ಕಂದು ಕಲೆ ಇದ್ದರೆ, ತಟ್ಟಿದಾಗ ನಡುವೆ ಟಣ್ ಅಂದು ತುದಿಯಲ್ಲಿ ಡೊಬ್ ಅಂದರೆ, ಅಲ್ಲಿ ಒಂದು ಇಟ್ಟಿಗೆ ತೆಗೆಸಿ ನೋಡಿ. ಬೆಳಕಿಂಡಿಯ ಸುತ್ತಲಿನ ಜಂತಿಗಳನ್ನು ಮೊದಲು ತಟ್ಟಿ, ಸೋರುವುದು ಅಲ್ಲಿಂದಲೇ. ಇನ್ನೊಂದು, ಸೋರುತ್ತದೆ ಅಂತ ವರ್ಷ ವರ್ಷ ಮೇಲೆ ಹೊಸ ಮಣ್ಣು ಹಾಕುತ್ತಾ ಬಂದಿರುತ್ತೀರಿ. ಹಳೇದನ್ನು ಕೆರೆದು ತೆಗೆಯದೆ ಹೊಸದು ಹಾಕಿದರೆ ಜಂತಿಯ ಮೇಲೆ ಭಾರ ಏರುತ್ತಲೇ ಹೋಗುತ್ತದೆ. ಮೂಲೆಯಲ್ಲಿ ತೋಡಿ ಮಣ್ಣಿನ ದಪ್ಪ ಅಳೆಯಿರಿ, ನೀವೇ ಬೆರಗಾಗುತ್ತೀರಿ.

ಕೆಟ್ಟದ್ದು ಸಿಕ್ಕರೆ ಏನು ಮಾಡಬೇಕು? ಗೋಡೆಪಟ್ಟಿ, ಕಂಬ, ತೊಲೆ ಇವುಗಳಲ್ಲಿ ದೋಷ ಸಿಕ್ಕರೆ ಅವತ್ತೇ ಬಳಕೆ ನಿಲ್ಲಿಸಿ, ಕೆಳಗೆ ಕಬ್ಬಿಣದ ಜಾಕಿ ಕೊಟ್ಟು ಭಾರ ಇಳಿಸಿ, ಆಮೇಲೆ ಎಂಜಿನಿಯರನ್ನು ಕರೆಯಿರಿ. ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವವರ ಹತ್ತಿರ ಜಾಕಿ ಸಿಗುತ್ತದೆ. ಕೆಳಗೆ ಕುರ್ಚಿ ಹಾಕಿಕೊಂಡು ಕೂರುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ. ಹಲಗೆ, ಮೆಟ್ಟಿಲು ಬಡಿಗೇರರೇ ಬದಲಿಸುತ್ತಾರೆ. ಕೊಳೆತ ಭಾಗ ಕೊಯ್ಯುವಾಗ ಕೆಟ್ಟದ್ದು ಮುಗಿದಲ್ಲಿಗೇ ನಿಲ್ಲಿಸಬೇಡಿ, ಒಳ್ಳೇ ಮರದಲ್ಲಿ ಇನ್ನೊಂದು ಮೊಳ ಮುಂದೆ ಹೋಗಿ ಕೊಯ್ಯಿಸಿ. ಹಸಿ ಮರಕ್ಕೆ ಡಾಂಬರು ಬಳಿಯಬೇಡಿ, ತೇವ ಒಳಗೇ ಸಿಕ್ಕಿಬೀಳುತ್ತದೆ.

ಕಾಕಾ ಹಳೇ ಪಟ್ಟಿ ಕಿತ್ತು ಹಾಕಿಸಿ ಗೋಡೆಯ ಬದಿಗೂ ನಾಲ್ಕು ಕಂಬ ಕೊಡಿಸಿದರು, ಕಲ್ಲಿನ ಮೇಲೆ. ಕಲ್ಲನ್ನು ಅಪ್ಪನೇ ಹುಡುಕಿ ಕಳಿಸಿದ್ದು, ಯಾವುದೋ ಬಿಚ್ಚಿದ ಹಳೇ ಮನೆಯದ್ದು. ಕೆಲಸ ಮುಗಿದ ದಿನ ತೊಲೆಯ ಒಳ ಮೈಗೆ ಪೆನ್ಸಿಲಿನಲ್ಲಿ ತಾರೀಖು ಬರೆದು ಬಂದೆ. ದೀಪಾವಳಿ ಆದ ಮೇಲೆ ಹೋದಾಗ ಅದರ ಕೆಳಗೆ ಇನ್ನೊಂದು ತಾರೀಖು ಆಗಲೇ ಇತ್ತು, ಕಾಕಾ ಅವರ ಅಕ್ಷರದಲ್ಲಿ. ಮಗ್ಗುಲಲ್ಲಿ ಸ್ಕ್ರೂಡ್ರೈವರ್ ಚುಚ್ಚಿದ ಸಣ್ಣ ಗುರುತೂ ಇತ್ತು.